ಏಳನೆಯವನ ಮೌನ

ಕ್ಯಾಸೆಟ್ಟಿನಲ್ಲಿ ಹತ್ತು ಜನರಿದ್ದರು. ಅವರಿಗೆ ಹೆಸರಿಲ್ಲ, ನಂಬರಷ್ಟೇ. ಒಬ್ಬ ಹೆಂಗಸಿನ ತೆಳುವಾದ ದನಿ ಇಂಗ್ಲಿಷಿನಲ್ಲಿ ನಂಬರು ಹೇಳಿ ಸುಮ್ಮನಾಗುತ್ತಿತ್ತು. ಆಮೇಲೆ ಕೇಳುವುದು ಆ ಮನುಷ್ಯನ ರಟ್ಟೆಯೊಳಗೆ ರಕ್ತ ಬಡಿಯುವ ಸಪ್ಪಳ. ಟಪ್, ಟಪ್, ಟಪ್.

ಒಂಬತ್ತು ಜನರ ಬಗ್ಗೆ ವನಜಾಕ್ಷಿಗೆ ಏನೂ ಅನ್ನಿಸುತ್ತಿರಲಿಲ್ಲ. ಏಳನೆಯವನು ಬಂದಾಗ ಮಾತ್ರ ಬೆನ್ನು ತಣ್ಣಗಾಗುತ್ತಿತ್ತು.

ಅವನ ಸಪ್ಪಳ, ತೋಳಿನ ಪಟ್ಟಿಯ ಗಾಳಿ ಇಳಿಸತೊಡಗುತ್ತಲೇ, ತೀರ ಎತ್ತರದಲ್ಲೇ ಶುರುವಾಗಿ, ಸ್ವಲ್ಪ ಹೊತ್ತು ಬಡಿದು, ನಿಂತುಬಿಡುತ್ತಿತ್ತು. ಪೂರ್ತಿ ನಿಶ್ಶಬ್ದ. ಟೇಪು ಸುತ್ತುವ ಸರಸರ ಮಾತ್ರ. ಮುಗಿಯಿತು, ಮನುಷ್ಯ ಹೋದ, ಎಂದು ಕೇಳುವವಳು ಅಂದುಕೊಳ್ಳುವಷ್ಟರಲ್ಲಿ ಕೆಳಗೆಲ್ಲೋ ಸಪ್ಪಳ ಮತ್ತೆ ಬರುತ್ತಿತ್ತು. ಈ ಸಲ ಕುಂಟುತ್ತ, ಪ್ರತಿ ಬಡಿತದ ಬೆನ್ನಿಗೆ ಇನ್ನೊಂದು ಸಣ್ಣ ಬಡಿತವನ್ನು ಎಳೆದುಕೊಂಡು.

"ಬಂದ್ ಮಾಡ ಅದನ್ನ," ಎಂದಳು ತಾಯಿ ಕಲಾವತಿ, ಅಡುಗೆಮನೆಯಿಂದ. ಪ್ರತಾಪ ನಗರದ ಆ ಬಾಡಿಗೆ ಮನೆಯ ಗೋಡೆಗಳು ತೆಳು. "ಸತ್ತಾವನ ಎದಿ ಬಡತ ಮನ್ಯಾಗ ಹಚ್ಚಬಾರದು."

"ಸತ್ತಾನಂತ ಯಾರು ಹೇಳಿದ್ರವ್ವಾ? ಯಾವುದೋ ದೇಶದಾಗ ಆರಾಮ ಇರಬೇಕು."

"ಆರಾಮ ಇದ್ದಾವ ಹಿಂಗ ಕರಿಯೂದಿಲ್ಲ."

"ಯಾರನ್ನ ಕರೀತಾನ?"

ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಕೇಳಿಸಿತು, ಮತ್ತು ಅದೂ ಯಾಕೋ ಸ್ವಲ್ಪ ಹೊತ್ತು ನಿಂತಿತು.

ಅದು ಎಂಬತ್ತಾರನೆಯ ಇಸವಿ. ಜನ ಹೃದಯಾಘಾತದಿಂದ, ಲಕ್ವಾದಿಂದ ಒಂದು ದೇಶದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಯಾಕೆ ಸಾಯುತ್ತಾರೆ ಎಂದು ತಿಳಿಯಲು ಹನ್ನೆರಡು ದೇಶಗಳು ಕೂಡಿ ಒಂದು ಅಧ್ಯಯನ ಹೂಡಿದ್ದವು. ಫಿನ್ಲೆಂಡು, ಹಂಗೇರಿ, ಚೀನಾ, ಕ್ಯೂಬಾ. ಬೇರೆ ಯಾವ ವಿಷಯಕ್ಕೂ ಒಂದೇ ಮೇಜಿಗೆ ಬಾರದ ದೇಶಗಳು. ಆದರೆ ಒಬ್ಬರ ಅಳತೆಯನ್ನು ಇನ್ನೊಬ್ಬರ ಅಳತೆಯ ಪಕ್ಕದಲ್ಲಿಡಬೇಕಾದರೆ ಎಲ್ಲರ ಕಿವಿಯೂ ಒಂದೇ ಆಗಬೇಕು. ಅದಕ್ಕೇ ಈ ಕ್ಯಾಸೆಟ್ಟು. ಬಿ.ಪಿ. ಅಳೆಯುವ ಕೆಲಸಕ್ಕೆ ಸೇರಿದ ಪ್ರತಿಯೊಬ್ಬರೂ, ಯಾವ ದೇಶದಲ್ಲಿದ್ದರೂ, ಈ ಹತ್ತು ಜನರನ್ನು ಕೇಳಿ ಪರೀಕ್ಷೆ ಪಾಸಾಗಬೇಕು. ಭಾರತದ ಒಂದು ಕೇಂದ್ರ ನಾಗಪುರದಲ್ಲಿತ್ತು, ಸೀತಾಬರ್ಡಿಯ ಬಟ್ಟೆ ಅಂಗಡಿಗಳ ಹಿಂದಿನ ಹಳೆಯ ಬಂಗಲೆಯೊಂದರಲ್ಲಿ. ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಮುಗಿಸಿದ್ದ ವನಜಾಕ್ಷಿ ಅಲ್ಲಿ ಅಳತೆಗಾರ್ತಿ. ಅಪ್ಪ ಉಮಾಕಾಂತ ರೈಲ್ವೆ ಗಾರ್ಡು. ಗದಗಿನಿಂದ ವರ್ಗವಾಗಿ ಬಂದು ಇಲ್ಲೇ ಬೇರು ಬಿಟ್ಟಿದ್ದರು.

*

ವಾರಕ್ಕೆರಡು ದಿನ ಅವಳು ಕೋರಾಡಿಗೆ ಹೋಗುತ್ತಿದ್ದಳು. ಅಲ್ಲಿನ ವಿದ್ಯುತ್ ಕೇಂದ್ರದ ಕಾಲೊನಿಯಲ್ಲಿ ಚೀಟಿ ಎತ್ತಿದಂತೆ ಕೆಲವು ಹೆಸರುಗಳನ್ನು ಆರಿಸಿದ್ದರು. ದವಾಖಾನೆಯ ಹಿಂದಿನ ಕೋಣೆಯಲ್ಲಿ ಅಳತೆ. ಕೋಣೆ ಶಾಂತವಾಗಿತ್ತು ಎನ್ನಬೇಕು. ಆದರೆ ವಿದ್ಯುತ್ ಕೇಂದ್ರದ ಗುಂಯ್‌ಗುಡುವಿಕೆ ಗೋಡೆಯಲ್ಲಿ, ಬೆಂಚಿನಲ್ಲಿ, ಹಲ್ಲಿನ ಬುಡದಲ್ಲಿ ಸದಾ ಇರುತ್ತಿತ್ತು. ಅಲ್ಲಿದ್ದವರು ಅದನ್ನು ಕೇಳುವುದನ್ನೇ ಮರೆತಿದ್ದರು.

ಒಂದು ಮಧ್ಯಾಹ್ನ ಬಂದವನ ಹಣೆಯ ಮೇಲೆ ಹೆಲ್ಮೆಟ್ಟಿನ ಗೆರೆ ಇತ್ತು. ಮೂವತ್ತರ ಆಚೀಚೆಯ, ಎತ್ತರದ ಮನುಷ್ಯ. ಟರ್ಬೈನ್ ಕೂಡಿಸಲು ಬಂದ ಕಂಪನಿಯ ಎಂಜಿನಿಯರು. ವನಜಾಕ್ಷಿ ತನ್ನ ಹಿಂದಿಯಲ್ಲಿ ನಿಯಮ ಹೇಳಿದಳು: ಅಳತೆಗೆ ಮೊದಲು ಐದು ನಿಮಿಷ ಮಾತಿಲ್ಲದೆ ಕೂರಬೇಕು.

ಅವನು ತಲೆಯಾಡಿಸಿ ಕೂತ. ಸ್ವಲ್ಪ ಹೊತ್ತಾದ ಮೇಲೆ ತನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿದ. "ನಮ್ಮಮ್ಮನ ಕೈಯಲ್ಲೂ ಆಗಿರ್ಲಿಲ್ಲ, ನನ್ನ ಹೀಗೆ ಸುಮ್ನೆ ಕೂರಿಸೋಕೆ."

ವನಜಾಕ್ಷಿ ತಲೆ ಎತ್ತದೆ ಗಡಿಯಾರದ ಗುಂಡಿ ಒತ್ತಿದಳು. "ಮಾತಾಡಿದ್ರಿ. ಮತ್ತ ಮೊದಲಿಂದ ಐದು ಮಿನಿಟ."

ಅವನು ಬೆಚ್ಚಿ ಅವಳತ್ತ ತಿರುಗಿದ. "ನೀವು ಕನ್ನಡದವ್ರಾ?"

"ಮತ್ತ ಐದು ಮಿನಿಟ."

"ಯಾವೂರು?"

"ಗದಗ. ಮತ್ತ ಐದು ಮಿನಿಟ."

"ನಾನು ಉತ್ತಪ್ಪ, ಮಡಿಕೇರಿ ಕಡೆ..."

"ಹೆಸರು ನನ್ನ ಕಡೆ ಐತ್ರಿ. ಹೊರಗ ಇನ್ನೂ ನಾಕು ಮಂದಿ ಕೂತಾರ. ಹಿಂಗ ಆದ್ರ ಅವರಿಗೆಲ್ಲಾ ನಿಮ್ಮ ಮ್ಯಾಲಿನ ಸಿಟ್ಟಿಗೇ ಬಿ.ಪಿ. ಏರತೈತಿ."

ಬಾಗಿಲ ಆಚೆಯಿಂದ ಯಾರೋ ಮರಾಠಿಯಲ್ಲಿ, ಸಾಹೇಬರು ಒಳಗೇ ಊಟ ಮುಗಿಸಿ ಬರುತ್ತಾರೋ ಏನೋ, ಎಂದರು. ಉತ್ತಪ್ಪ ತುಟಿಯ ಮೇಲೆ ಬೆರಳಿಟ್ಟುಕೊಂಡ.

ಆಮೇಲಿನ ಐದು ನಿಮಿಷ ಇಬ್ಬರೂ ಎದುರುಬದುರು. ಅವಳು ಗೋಡೆ ನೋಡಿದಳು, ಪಾದರಸದ ಕಂಬ ನೋಡಿದಳು, ಕಿಟಕಿಯ ಮೇಲೆ ಕೂತ ಬೂದಿಯ ಪದರ ನೋಡಿದಳು. ಪ್ರತಿ ಸಲವೂ ಸುತ್ತಿ ಬಂದ ಕಣ್ಣಿಗೆ ಸಿಕ್ಕಿದ್ದು ಅವನ ಕಣ್ಣು. ಅವನು ನಗುತ್ತಿರಲಿಲ್ಲ. ನಗಬಾರದೆಂದು ಪಣ ತೊಟ್ಟವನಂತೆ ಕೆನ್ನೆ ಬಿಗಿಹಿಡಿದಿದ್ದ, ಅದೇ ಹೆಚ್ಚು ಕಷ್ಟವಾಯಿತು.

ಹೊತ್ತು ಮುಗಿಯಿತು. ಅವನು ಅಂಗೈ ಮೇಲಾಗಿ ತೋಳನ್ನು ಮೇಜಿನ ಮೇಲಿಟ್ಟ.

ಇಲ್ಲೊಂದು ನಿಯಮವಿತ್ತು. ಸ್ಟೆತಾಸ್ಕೋಪ್ ಹಚ್ಚುವ ಮೊದಲು ಮಣಿಕಟ್ಟು ಹಿಡಿದು ನಾಡಿ ನೋಡುತ್ತ ಪಟ್ಟಿಗೆ ಗಾಳಿ ತುಂಬಬೇಕು. ನಾಡಿ ಪೂರ್ತಿ ಮಾಯವಾದ ಮೇಲೂ ಇನ್ನಷ್ಟು ಏರಿಸಬೇಕು. ಆಗ ಮಾತ್ರ ಕಿವಿಗೆ ಎಲ್ಲ ಸಪ್ಪಳವೂ ಸಿಗುತ್ತದೆ. ವನಜಾಕ್ಷಿ ನೂರಾರು ಮಣಿಕಟ್ಟು ಹಿಡಿದಿದ್ದಳು. ಹುಡುಗರದು, ಮುದುಕರದು, ಕಲ್ಲಿದ್ದಲಿನ ಕಪ್ಪು ಹೋಗದವರದು. ಕೈ ಎಂದರೆ ಕೈ, ಅಷ್ಟೇ.

ಆ ದಿನ ಬೆರಳು ಮುಂದೆ ಹೋಗಲಿಲ್ಲ. ಹಿಡಿದರೆ ತನ್ನ ನಾಡಿಯೇ ಅವನಿಗೆ ತಿಳಿದುಬಿಡುತ್ತದೆ ಅನ್ನಿಸಿತು. ಆ ವಯಸ್ಸಿನವರಿಗೆ ಏರಿಸುವಷ್ಟು ಗಾಳಿ ಏರಿಸಿ, ನೇರವಾಗಿ ಕಿವಿಗೊಟ್ಟಳು. ಮೊದಲು ಏನೂ ಇಲ್ಲ. ಆಮೇಲೆ ಸಪ್ಪಳ ಶುರುವಾಯಿತು, ಸ್ವಲ್ಪ ಕುಂಟುತ್ತ, ಮತ್ತು ನಿಂತಿತು.

"ಎಲ್ಲಾ ಬರೋಬರ್ ಐತ್ರಿ," ಎಂದಳು.

ಉತ್ತಪ್ಪ ಬಹಳ ಹೊತ್ತಿನಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟ. ಕೋರ್ಟಿನಲ್ಲಿ ಖುಲಾಸೆಯಾದವನ ಮುಖ ಹಾಗಿರುತ್ತದೇನೋ.

*

ಆಮೇಲೆ ಅವಳ ಬಸ್ಸಿನ ಹೊತ್ತಿಗೆ ಸರಿಯಾಗಿ ಅವನಿಗೂ ಸ್ಟಾಪಿನ ಹತ್ತಿರ ಏನಾದರೊಂದು ಕೆಲಸ ಬೀಳತೊಡಗಿತು.

"ನಾನೂ ನಿಮ್ಮ ಜಾತಿಯವನೇ," ಎಂದ ಒಮ್ಮೆ.

"ನಾವು ಲಿಂಗಾಯತರ್ರಿ."

"ಆ ಜಾತಿ ಅಲ್ಲ. ಕಿವಿ ಜಾತಿ. ಟರ್ಬೈನ್ ಬೇರಿಂಗಿಗೆ ಕಬ್ಬಿಣದ ಸರಳು ಹಚ್ಚಿ, ಈ ಕಡೆ ತುದಿ ಕಿವಿಗೆ ಇಟ್ಕೊಂಡು ಕೇಳ್ತೀವಿ. ಮೀಟರು ತೋರ್ಸೋಕಿಂತ ಮೊದ್ಲೇ ಗೊತ್ತಾಗುತ್ತೆ, ಒಳಗೆ ಏನೋ ಸರಿಯಿಲ್ಲ ಅಂತ."

"ಅದಕ್ಕೂ ಐದು ಮಿನಿಟ ಸುಮ್ನ ಕೂಡಬೇಕೇನು?"

"ಅದು ನಿಮ್ಮಷ್ಟು ಜೋರಿಲ್ಲ. ಮಾತಾಡಿದ್ರೂ ಸಹಿಸ್ಕೊಳ್ಳುತ್ತೆ."

ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅದು ಅವನಿಗೆ ಕಾಣಿಸಿತು. ಕಾಣಿಸಿತೆಂದು ಅವಳಿಗೂ ಗೊತ್ತಾಯಿತು.

ಏಪ್ರಿಲ್ ಕಳೆಯಿತು. ಮಧ್ಯಾಹ್ನಗಳು ಬಿಳಿಚಿಕೊಂಡವು. ಹನ್ನೊಂದು ಹೊಡೆಯಿತೆಂದರೆ ನಾಗಪುರದ ರಸ್ತೆಗಳು ಊರೇ ಬಿಟ್ಟುಹೋದಂತೆ ಖಾಲಿ. ಬಾಗಿಲುಗಳಿಗೆ ನೆನೆಸಿದ ಲಾವಂಚದ ಪರದೆ, ಒಳಗೆ ಕತ್ತಲು, ಹೊರಗೆ ನೆರಳೇ ಇಲ್ಲದ ಬೆಳಕು. ಅಂಥ ಒಂದು ಮಧ್ಯಾಹ್ನ, ಕೋರಾಡಿಯ ಬಸ್ ಸ್ಟಾಪಿನ ತಗಡಿನ ಕೆಳಗೆ ಅವರಿಬ್ಬರೇ ಇದ್ದಾಗ, ಉತ್ತಪ್ಪ ಅವಳತ್ತ ನೋಡದೆ ಮಾತು ತೆಗೆದ.

"ನಮ್ಮಪ್ಪ ಹೋದಾಗ ಅವರಿಗೆ ಮೂವತ್ತೆಂಟು. ಕುರ್ಚೀಲಿ ಕೂತು ನಂಗೆ ಏನೋ ಹೇಳ್ತಿದ್ರು. ನಡುವೆ ಮಾತು ನಿಲ್ಲಿಸಿದ್ರು. ಯೋಚನೆ ಮಾಡ್ತಿದ್ದಾರೆ ಅಂತ ನಾನು ಕಾದೆ. ತುಂಬಾ ಹೊತ್ತು ಕಾದೆ ವನಜಾಕ್ಷಿ."

ಬಿಸಿಗಾಳಿ ಒಂದು ಕಾಗದದ ಚೂರನ್ನು ರಸ್ತೆಯುದ್ದಕ್ಕೂ ಹೊರಳಿಸಿಕೊಂಡು ಹೋಯಿತು.

"ಚಿಕ್ಕಪ್ಪಂದೂ ಹಾಗೇ ಆಯ್ತು. ಅದಕ್ಕೇ ಮದುವೆ ಬೇಡ ಅಂತ ತೀರ್ಮಾನ ಮಾಡಿದ್ದೆ. ನಮ್ಮಮ್ಮನ್ನ ನೋಡಿ ಬೆಳೆದವನು ಇನ್ನೊಬ್ಬಳನ್ನ ಅಂಥ ಕುರ್ಚಿ ಎದುರು ಕೂರಿಸೋದು ಹೇಗೆ? ಡಾಕ್ಟರ್ ಹತ್ರ ಹೋಗೋಕೂ ಹೆದರಿಕೆ. ನಿಮ್ಮ ಸ್ಟಡೀಲಿ ಹೆಸರು ಬಂತು, ತಪ್ಪಿಸ್ಕೊಳ್ಳೋಕೆ ಆಗ್ಲಿಲ್ಲ. ನೀವು ಬರೋಬರ್ ಅಂದ್ರಿ." ಈಗ ಅವನು ತಿರುಗಿ ನೋಡಿದ. "ಅವತ್ತು ಸಂಜೆ ಮೊದಲ ಸಲ ಅನ್ನಿಸ್ತು, ನಾನೂ ಒಬ್ಬರ ಮನೆ ಬಾಗಿಲಿಗೆ ಹೋಗಿ ಕೇಳಬಹುದು ಅಂತ. ನಿಮ್ಮ ಮನೆ ಬಾಗಿಲಿಗೆ. ಬರ್ಲಾ?"

ಬಸ್ಸು ಬಂದು ನಿಂತಿತ್ತು. ಒಂದು ಕಾಲು ಮೆಟ್ಟಿಲ ಮೇಲಿಟ್ಟು, "ಅಪ್ಪ ಡ್ಯೂಟಿ ಮುಗಿಸಿ ಬರೂದು ಆಚಿ ಐತವಾರ. ಅವತ್ತ ಬರ್ರಿ," ಎಂದವಳು ಹತ್ತಿಕೊಂಡಳು. ಕಿಟಕಿಯಿಂದ ನೋಡಿದಾಗ ಉತ್ತಪ್ಪ ಆ ಸುಡುಬಿಸಿಲಿನಲ್ಲಿ ತಲೆಗೆ ಏನೂ ಇಲ್ಲದೆ ನಿಂತೇ ಇದ್ದ.

*

ಸೀತಾಬರ್ಡಿಯ ಕೇಂದ್ರಕ್ಕೆ ಫಿನ್ಲೆಂಡಿನಿಂದ ಪರೀಕ್ಷಕರು ಬರುವವರಿದ್ದರು. ಎಲ್ಲ ಅಳತೆಗಾರರೂ ಕ್ಯಾಸೆಟ್ಟಿನ ಪರೀಕ್ಷೆಯನ್ನು ಮತ್ತೆ ಬರೆಯಬೇಕು ಎಂದು ಮುಖ್ಯಸ್ಥ ಡಾಕ್ಟರ್ ಖಾನಖೋಜೆ ಹೇಳಿದ್ದರು. ವನಜಾಕ್ಷಿ ಮನೆಯಲ್ಲಿ ಟೇಪ್ ರೆಕಾರ್ಡರ್ ಹಚ್ಚಿಕೊಂಡು ಕೂತಳು. ಕರೆಂಟು ಹೋಯಿತು. ಸೆಲ್ಲು ಹಾಕಿದಳು, ಹಳೆಯ ಸೆಲ್ಲು, ಟೇಪು ನಿಧಾನವಾಗಿ ತಿರುಗಿತು. ಹೆಂಗಸಿನ ದನಿ ಗಂಡುದನಿಯಾಗಿ, ಬಾವಿಯೊಳಗಿಂದ ಬಂದಂತೆ, ಏಳನೆಯವನನ್ನು ಕರೆಯಿತು.

ಟಪ್. ಟಪ್. ಆಮೇಲೆ ಮೌನ. ಅದು ಎಂದಿಗಿಂತ ಉದ್ದವಾಗಿತ್ತು. ಮುಗಿಯುವುದೇ ಇಲ್ಲವೇನೋ ಎಂಬಷ್ಟು ಉದ್ದ. ಅಡುಗೆಮನೆಯಲ್ಲಿ ಅವ್ವ ಪಾತ್ರೆ ಕೆಳಗಿಟ್ಟು ಅಲ್ಲಾಡದೆ ನಿಂತದ್ದು ಗೊತ್ತಾಯಿತು.

ಮತ್ತೆ ಸಪ್ಪಳ ಬಂತು. ನಿಧಾನವಾಗಿ, ಒಂದೊಂದೂ ಬಿಡಿಬಿಡಿಯಾಗಿ, ಕುಂಟುತ್ತ. ಒಂದು ಬಡಿತ, ಅದರ ಬೆನ್ನಿಗೆ ನೆರಳಿನಂಥ ಇನ್ನೊಂದು.

ಈ ನಡಿಗೆ ಅವಳಿಗೆ ಗೊತ್ತಿತ್ತು. ಟೇಪಿನಿಂದಲ್ಲ. ಜೀವಂತ ತೋಳೊಂದರಿಂದ, ಕೋರಾಡಿಯ ಹಿಂದಿನ ಕೋಣೆಯಿಂದ.

ಅವಳ ಕೈ ಟೇಪಿನ ಮೇಲೆಯೇ ಉಳಿಯಿತು. ಉತ್ತಪ್ಪನ ತೋಳಿನಲ್ಲಿ ತಾನು ಕೇಳಿದ್ದು ಏಳನೆಯವನ ಎರಡನೆಯ ಅರ್ಧ. ಹಾಗಾದರೆ ಮೊದಲ ಅರ್ಧ? ಅದು ಮೇಲಿದೆ, ಮೌನದ ಆಚೆ ಇದೆ. ತಾನು ಗಾಳಿ ಏರಿಸಿದ್ದು ಮೌನದ ನಡುಮಧ್ಯದವರೆಗೆ ಮಾತ್ರ. ಮಣಿಕಟ್ಟು ಹಿಡಿದಿದ್ದರೆ, ಬೆರಳ ಕೆಳಗೆ ನಾಡಿ ಇನ್ನೂ ಬಡಿಯುತ್ತಿರುವುದು ತಿಳಿಯುತ್ತಿತ್ತು. ಇನ್ನೂ ಏರಿಸು, ಇನ್ನೂ ಏರಿಸು, ಎಂದು ಅದೇ ಹೇಳುತ್ತಿತ್ತು. ಅವಳು ಹಿಡಿದಿರಲಿಲ್ಲ.

ಬರೋಬರ್ ಅಲ್ಲ. ಅವನ ಒತ್ತಡ ತಾನು ಹೇಳಿದ್ದಕ್ಕಿಂತ ಎಲ್ಲೋ ಮೇಲಿದೆ. ಆ ಸುಳ್ಳಿನ ಮೇಲೆ ಕಾಲೂರಿ ಅವನು ಐತವಾರ ಈ ಮನೆಯ ಬಾಗಿಲಿಗೆ ಬರುತ್ತಾನೆ.

"ಸೆಲ್ ತಗದು ಒಗಿ," ಎಂದಳು ಕಲಾವತಿ ಬಾಗಿಲಲ್ಲಿ ನಿಂತು. ಆಮೇಲೆ ಮಗಳ ಮುಖ ನೋಡಿ ದನಿ ತಗ್ಗಿಸಿದಳು. "ಏನಾತ?"

"ಏನಿಲ್ಲವ್ವಾ. ನಾ ಕೇಳಿದ್ದು ಅರ್ಧಾ ಆಗಿತ್ತು."

*

ಪರೀಕ್ಷಕಿ ಡಾಕ್ಟರ್ ಹೆಲ್ವಿ ಅರವತ್ತರ ಹತ್ತಿರದವರು, ಕಡ್ಡಿಯಂತೆ ನೆಟ್ಟಗೆ, ಬಿಳಿಗೂದಲನ್ನು ಬಿಗಿದು ಕಟ್ಟಿದವರು. ಬಿಸಿಗಾಳಿ ತಾಗದಿರಲೆಂದು ಖಾನಖೋಜೆ ಕೊಟ್ಟ ಈರುಳ್ಳಿಯನ್ನು ಕೋಟಿನ ಜೇಬಿನಲ್ಲಿ ಶ್ರದ್ಧೆಯಿಂದ ಇಟ್ಟುಕೊಂಡಿದ್ದರು. ಅವರು ಒಳಗೆ ಬಂದು ಗುಡ್ ಮಾರ್ನಿಂಗ್ ಎಂದೊಡನೆ ವನಜಾಕ್ಷಿಯ ಮೈ ಜುಮ್ಮೆಂದಿತು. ಕ್ಯಾಸೆಟ್ಟಿನ ದನಿ ಅದು.

ಪರೀಕ್ಷೆ ಮುಗಿದ ಮೇಲೆ ಅವಳು ಅವರ ಮೇಜಿನ ಮುಂದೆ ನಿಂತಳು. ಇಂಗ್ಲಿಷಿನಲ್ಲಿ ಮಾತು.

"ಏಳನೆಯವನು ಯಾರು ಮೇಡಂ?"

ಹೆಲ್ವಿ ಕನ್ನಡಕ ತೆಗೆದರು. "ಯಾಕೆ ಕೇಳುತ್ತೀ?"

"ಅವನ ಅರ್ಧ ಸಪ್ಪಳ ಇಲ್ಲೊಬ್ಬರ ತೋಳಿನಲ್ಲಿದೆ. ಉಳಿದರ್ಧ ನಾನು ಕೇಳಲಿಲ್ಲ. ಮಣಿಕಟ್ಟು ಹಿಡಿಯಲಿಲ್ಲ."

"ನಿಯಮ ಗೊತ್ತಿದೆಯಲ್ಲ. ಯಾಕೆ ಹಿಡಿಯಲಿಲ್ಲ?"

ವನಜಾಕ್ಷಿಯ ಕಿವಿ ಕೆಂಪಾಯಿತು. ಹೆಲ್ವಿ ಆ ಕೆಂಪನ್ನು ಅಳತೆಯೊಂದನ್ನು ಓದುವಂತೆ ಓದಿಕೊಂಡರು.

"ಬೇರೆ ಯಾರದಾದರೂ ಹೀಗೆ ಬಿಟ್ಟಿದ್ದೀಯಾ?"

"ಇಲ್ಲ."

"ಕೂತುಕೋ."

ಹೊರಗೆ ಸೀತಾಬರ್ಡಿಯ ಅಂಗಡಿಗಳೆಲ್ಲ ಮಧ್ಯಾಹ್ನಕ್ಕೆ ಬಾಗಿಲೆಳೆದಿದ್ದವು. ಕೂಲರಿನ ನೀರು ತೊಟ್ಟಿಕ್ಕುವುದು ಬಿಟ್ಟರೆ ಸದ್ದಿಲ್ಲ.

"ಏಳನೆಯವನು ನನ್ನ ಗಂಡ," ಎಂದರು ಹೆಲ್ವಿ. "ಏರೊ ಅಂತ ಹೆಸರು. ಇಪ್ಪತ್ತು ವರ್ಷದ ಹಿಂದೆ ಪಾಠಕ್ಕೆಂದು ರೆಕಾರ್ಡ್ ಮಾಡಲು ನಮಗೆ ತೋಳುಗಳು ಬೇಕಿದ್ದವು, ಅವನು ನನಗೆ ಊಟ ಕೊಡಲು ಬಂದಿದ್ದ. ಆ ಮೌನ ಸಿಕ್ಕಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ, ಪ್ರೊಫೆಸರರನ್ನು ಕರೆದು ಕೇಳಿಸಿದೆ. ಎಂಥ ಚಂದದ ಮೌನ ಎಂದರು ಅವರೂ. ಪಾಠಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತು. ಅದು ಏರೊನ ತೋಳು ಅನ್ನುವುದು ನನ್ನ ತಲೆಗೆ ಬರಲೇ ಇಲ್ಲ. ಅವನು ಆರೋಗ್ಯವಾಗಿದ್ದ, ನಗುತ್ತಿದ್ದ."

ಅವರು ಜೇಬಿನಲ್ಲಿದ್ದ ಈರುಳ್ಳಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ನಮ್ಮಲ್ಲಿ ಬೇಸಿಗೆಗೆ ಕತ್ತಲಾಗುವುದಿಲ್ಲ. ಮರುವರ್ಷ ಒಂದು ರಾತ್ರಿ ಅವನು ಸರೋವರದ ಆಚೆ ದಡದಿಂದ ದೋಣಿಯಲ್ಲಿ ಬರುತ್ತಿದ್ದ. ನಾನು ಈಚೆ ದಡದಲ್ಲಿ ನಿಂತು ಕೈ ಬೀಸಿದೆ. ಹುಟ್ಟು ಹಾಕುವುದನ್ನು ನಿಲ್ಲಿಸಿದ. ದಣಿವಾರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ದೋಣಿ ಮಾತ್ರ ತಾನಾಗಿಯೇ, ನೆಟ್ಟಗೆ, ನನ್ನ ಕಡೆಗೇ ಬರುತ್ತಿತ್ತು. ಅದು ಬಂದು ಕಾಲಿಗೆ ತಾಗುವವರೆಗೂ ನಾನು ಕೈ ಬೀಸುತ್ತಲೇ ಇದ್ದೆ."

ವನಜಾಕ್ಷಿಗೆ ಬಸ್ ಸ್ಟಾಪಿನ ತಗಡಿನ ಕೆಳಗೆ ಕೇಳಿದ ಕುರ್ಚಿ ಕಣ್ಣಮುಂದೆ ಬಂತು. ಸಾವಿರಾರು ಮೈಲಿ ದೂರದ ಎರಡು ಮೌನಗಳು ಒಂದೇ ದನಿಯಲ್ಲಿ ಮಾತಾಡಿದಂತಾಯಿತು.

"ಅವರ ಸಪ್ಪಳವನ್ನು ಇಷ್ಟು ಊರುಗಳಲ್ಲಿ ಕೇಳುವುದಕ್ಕೆ ನಿಮಗೆ ಹೇಗೆ ಆಗುತ್ತದೆ?"

"ಹನ್ನೆರಡು ದೇಶಗಳಲ್ಲಿ ಯಾರು ಯಾರೋ ಕಿವಿಗೆ ಹಚ್ಚಿಕೊಂಡು, ಅವನ ಮೌನ ಮುಗಿಯುವವರೆಗೆ ಕಾಯುವುದನ್ನು ಕಲಿಯುತ್ತಿದ್ದಾರೆ. ನಾನೊಬ್ಬಳೇ ಕಾದಿದ್ದರೆ ಏನು ಪ್ರಯೋಜನವಿತ್ತು?" ಹೆಲ್ವಿ ಎದ್ದರು. "ಇನ್ನೊಮ್ಮೆ ಪರೀಕ್ಷೆ ಪಾಸಾಗುವವರೆಗೆ ನೀನು ಒಬ್ಬಳೇ ಅಳೆಯುವಂತಿಲ್ಲ. ಅದು ನಿನ್ನ ಶಿಕ್ಷೆ. ಆ ಮನುಷ್ಯ ಎಲ್ಲಿದ್ದಾನೆ? ನಡಿ."

*

ಕೋರಾಡಿಗೆ ಹೋದಾಗ ಗಾಳಿ ಬೀಸುತ್ತಿತ್ತು. ಕಾಲೊನಿಯ ರಸ್ತೆಗಳಲ್ಲಿ ಒಂದು ನಾಯಿಯೂ ಇರಲಿಲ್ಲ. ಡ್ಯೂಟಿಯಿಂದ ಎದ್ದು ಬಂದ ಉತ್ತಪ್ಪ ವನಜಾಕ್ಷಿಯನ್ನು ಕಂಡು ಮುಖ ಅರಳಿಸಿ, ಪಕ್ಕದ ವಿದೇಶಿ ಹೆಂಗಸನ್ನು ಕಂಡು ಗೊಂದಲಗೊಂಡ.

"ಏನು, ಐತವಾರಕ್ಕೆ ಮೊದ್ಲೇ ಹೆಣ್ಣಿನ ಕಡೆಯವರು ಬಂದ್ಬಿಟ್ರಾ?"

"ನಿಮ್ಮನ್ನ ಇನ್ನೊಮ್ಮೆ ಅಳಿಯಬೇಕ್ರಿ. ನಾ ಅವತ್ತ ತಪ್ಪು ಮಾಡೇನಿ."

"ಏನು ತಪ್ಪು?"

"ನಿಮ್ಮ ಕೈ ಹಿಡೀಬೇಕಿತ್ತು. ಹಿಡೀಲಿಲ್ಲ."

ಅವನು ನಗಲು ಹೋದ. ಅವಳ ಮುಖ ನೋಡಿ ನಗು ಅರ್ಧಕ್ಕೇ ಉಳಿಯಿತು. ಐದು ನಿಮಿಷ ಒಂದು ಮಾತೂ ಆಡದೆ ಕೂತ.

ಹೆಲ್ವಿ ಚೀಲದಿಂದ ತೆಗೆದದ್ದು ಇಬ್ಬರು ಒಟ್ಟಿಗೆ ಕೇಳುವ ಸ್ಟೆತಾಸ್ಕೋಪು. ಒಂದೇ ಬಿಲ್ಲೆ, ಎರಡು ಜೊತೆ ಕೊಳವೆ. ಒಂದು ಜೊತೆ ಅವರ ಕಿವಿಗೆ, ಇನ್ನೊಂದು ವನಜಾಕ್ಷಿಯ ಕಿವಿಗೆ. ಮಣಿಕಟ್ಟನ್ನು ಹೆಲ್ವಿಯೇ ಹಿಡಿದರು. ಗಾಳಿ ಏರಿತು. ಇನ್ನೂ ಏರಿತು. ಪಾದರಸ ಅಷ್ಟು ಎತ್ತರಕ್ಕೆ ಹೋದದ್ದನ್ನು ವನಜಾಕ್ಷಿ ಆ ಕೋಣೆಯಲ್ಲಿ ಎಂದೂ ನೋಡಿರಲಿಲ್ಲ. ಇಳಿಸತೊಡಗಿದರು.

ಟಪ್. ಟಪ್. ಟಪ್.

ಅಲ್ಲಿತ್ತು ಮೊದಲ ಅರ್ಧ. ಇಷ್ಟು ದಿನ ಮೇಲೆಯೇ ಕೂತು ಕಾಯುತ್ತಿದ್ದಂತೆ.

ಆಮೇಲೆ ನಿಂತಿತು.

ವನಜಾಕ್ಷಿ ತಲೆ ಎತ್ತಿದಳು. ಹೆಲ್ವಿ ಕಣ್ಣು ಮುಚ್ಚಿದ್ದರು. ಅವರ ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದರೋ ಯಾರೊಡನೋ ಮಾತಾಡುತ್ತಿದ್ದರೋ ತಿಳಿಯಲಿಲ್ಲ. ಪಾದರಸ ಇಳಿಯುತ್ತಲೇ ಇತ್ತು. ಕಿವಿಯೊಳಗೆ ಏನೂ ಇರಲಿಲ್ಲ. ಒಂದು ಬೆಳ್ಳನೆಯ ಸರೋವರ, ಅದರ ಮೇಲೆ ಹುಟ್ಟು ಹಾಕುವವರಿಲ್ಲದ ದೋಣಿ. ಎದುರಿಗೆ ಉತ್ತಪ್ಪ ಕೂತಿದ್ದ, ಕಣ್ಣು ತೆರೆದು, ಅವಳನ್ನೇ ನೋಡುತ್ತ. ಅವನು ಕಣ್ಣು ಮಿಟುಕಿಸಲಿ ಎಂದು ಅವಳು ಬೇಡಿಕೊಂಡಳು.

ಸಪ್ಪಳ ಮರಳಿ ಬಂತು. ಕುಂಟುತ್ತ, ನೆರಳನ್ನು ಎಳೆದುಕೊಂಡು. ಹೆಲ್ವಿಯ ಮುಚ್ಚಿದ ರೆಪ್ಪೆಗಳ ಕೆಳಗಿನಿಂದ ನೀರು ಇಳಿದು ಕೆನ್ನೆಯ ಮೇಲೆ ಬಂತು. ಸಪ್ಪಳ ಪೂರ್ತಿ ಮುಗಿದ ಮೇಲೂ ಅವರು ಕೈ ಬಿಡಲಿಲ್ಲ.

"ಕ್ಷಮಿಸಿ," ಎಂದರು ಕೊನೆಗೆ, ಉತ್ತಪ್ಪನಿಗೆ. "ನಿಮ್ಮ ಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡೆ."

ಅಳತೆಯನ್ನು ಹೇಳಿದರು. ತೀರ ಹೆಚ್ಚು, ಆದರೆ ಏರೊನ ಕಾಲದಲ್ಲಿ ಇಲ್ಲದ ಗುಳಿಗೆಗಳು ಈಗಿವೆ, ನಾಳೆಯೇ ಡಾಕ್ಟರ್ ಖಾನಖೋಜೆಯವರು ಶುರು ಮಾಡುತ್ತಾರೆ, ಜೀವನಪೂರ್ತಿ ತಪ್ಪಿಸಬಾರದು, ಎಂದರು. ಆಮೇಲೆ ಗಾಳಿಗೆ ಹೋಗಿಬರುತ್ತೇನೆಂದು, ಹೊರಗೆ ಗಾಳಿಯೆಂದರೆ ಬೆಂಕಿಯೇ ಎಂದು ಗೊತ್ತಿದ್ದೂ, ಬಾಗಿಲೆಳೆದುಕೊಂಡು ಹೋದರು.

*

ಉತ್ತಪ್ಪ ತೋಳಿನ ಮಡಿಕೆ ಇಳಿಸಿದ. ಗುಂಡಿ ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

"ಅಂದ್ರೆ ನಮ್ಮಪ್ಪಂದೇ."

"ನಿಮ್ಮಪ್ಪಂದು ಯಾರೂ ಕೇಳಿರಲಿಲ್ಲ. ನಿಮ್ಮದನ್ನ ಇಬ್ಬರು ಕೇಳೇವಿ."

"ನೀವು ಹೇಳ್ದೆ ಇರಬಹುದಿತ್ತು."

"ಹೇಳದಿದ್ರ ನೀವು ಐತವಾರ ಬರ್ತಿದ್ರಿ. ನಾ ಚಾ ತಂದು ಕೊಡ್ತಿದ್ದೆ. ನಿಮ್ಮ ಮುಖಾ ನೋಡಿದಾಗೊಮ್ಮೆ, ಈ ಮನಶ್ಯಾ ಅರ್ಧಾ ಮಾತ್ರ ಬಂದಾನ ಅನಸ್ತಿತ್ತು."

ಅವನು ಕಿಟಕಿಯ ಕಡೆ ತಿರುಗಿದ. "ಹಾಗಾದ್ರೆ ಕೇಳಿ. ಅವತ್ತು ನಾನು ಅಂದಿದ್ದನ್ನ ವಾಪಸ್ ತಗೋತೀನಿ. ತಪ್ಪು ಅಳತೆ ಮೇಲೆ ಆಡಿದ ಮಾತು ಅದು. ನೀವು ಅದನ್ನ ಮರೆತುಬಿಡಿ."

"ಹಂಗ ಬರೂದಿಲ್ರಿ."

"ಯಾಕೆ?"

"ನಮ್ಮ ಸ್ಟಡ್ಯಾಗ ಬರದದ್ದನ್ನ ಯಾರೂ ಅಳಸೂಹಂಗಿಲ್ಲ. ತಪ್ಪು ಆಗಿದ್ರ ಅದರ ಮ್ಯಾಲ ಒಂದ ಗೆರಿ ಎಳಿಯೂದು, ಕೆಳಗಿಂದು ಓದಾಕ ಬರಬೇಕು ಹಂಗ. ಬಾಜೂ ಖರೇದ್ದು ಬರದು ಸಹಿ ಮಾಡೂದು. ಹನ್ನೆರಡೂ ದೇಶದಾಗ ಹಂಗ. ನಿಮ್ಮೊಬ್ಬರ ಸಲುವಾಗಿ ಬ್ಯಾರೆ ಕಾಯದೆ ಇಲ್ಲ."

ಅವನ ಭುಜ ಅಲುಗಿತು. ನಗುವೋ ಇನ್ನೊಂದೋ.

"ಬಾಜೂ ಏನು ಬರೀತೀರಿ?"

"ಅಳತಿ ಬ್ಯಾರೆ, ಮನಶ್ಯಾ ಮಾತ್ರ ಅವನಽ."

"ಸಹಿ?"

"ನಂದ."

ಅವನು ತಿರುಗಿ ಬಂದು ಅವಳ ಎದುರು ಕೂತ. ಇಷ್ಟು ಹೊತ್ತು ತಡೆದದ್ದು ಈಗ ದನಿಯಲ್ಲಿ ಬಂತು. "ವನಜಾಕ್ಷಿ, ಇದು ತಮಾಷೆ ಅಲ್ಲ. ಗುಳಿಗೆ ನುಂಗಿದ್ರೂ ಏನೂ ಆಗಲ್ಲ ಅಂತ ಯಾರೂ ಬರೆದುಕೊಡಲ್ಲ. ಒಂದಿನ ನಿಮ್ಮ ಹತ್ರ ಮಾತಾಡ್ತಾ ಮಾತಾಡ್ತಾ ನಾನು ನಿಲ್ಲಿಸಿಬಿಟ್ರೆ?"

ಹೆದರಿಕೆ ಅವಳಿಗೂ ಇತ್ತು. ಅದು ಈ ಕೋಣೆ ಬಿಟ್ಟು ಹೋಗುವಂಥದ್ದಲ್ಲ, ಯಾವ ಮನೆಗೆ ಹೋದರೂ ಜೊತೆಗೆ ಬರುವಂಥದ್ದು ಎಂದು ತಿಳಿದೇ ಅವಳು ಕೈ ಚಾಚಿ ಅವನ ಮಣಿಕಟ್ಟು ಹಿಡಿದಳು. ನಾಡಿ ಬೆರಳ ಕೆಳಗೆ ಜೋರಾಗಿತ್ತು, ಬಿಸಿಯಾಗಿತ್ತು.

"ನಿಲ್ಲಿಸಿದ್ರ, ಯಾಕ ನಿಲ್ಲಿಸಿದ್ರಿ ಅಂತ ಕೇಳ್ತೇನಿ," ಎಂದಳು. "ಆ ಗಳಿಗಿಗೇ ಕೇಳ್ತೇನಿ. ಯೋಚನಿ ಮಾಡಾಕತ್ತಾರ ಅಂತ ಸುಮ್ನ ಕೂಡೂದಿಲ್ಲ."

ಉತ್ತಪ್ಪ ಇನ್ನೊಂದು ಕೈಯನ್ನೂ ಅವಳ ಕೈಯ ಮೇಲಿಟ್ಟ.

*

ಐತವಾರ ಅವನು ಬಂದ. ಉಮಾಕಾಂತ ಹೊರಗಿನ ಕೋಣೆಯಲ್ಲಿ ಕೂತು, ಮನೆತನ, ನೌಕರಿ, ಕೊಡಗಿನ ಮದುವೆಗೂ ಗದಗಿನ ಮದುವೆಗೂ ಎಲ್ಲಿ ಕೂಡುತ್ತದೆ ಎಂಬುದನ್ನೆಲ್ಲ ಗಾರ್ಡು ಡಬ್ಬಿ ಎಣಿಸುವಂತೆ ಒಂದೊಂದಾಗಿ ಕೇಳಿದರು. ಬಿ.ಪಿ. ವಿಷಯವನ್ನು ಉತ್ತಪ್ಪನೇ ಮೊದಲು ಹೇಳಿದ. ಉಮಾಕಾಂತ ಕೂತಲ್ಲೇ ಮುಂದಕ್ಕೆ ಬಾಗಿದರು. ಆಮೇಲೆ, "ಮಗಳಿಗೆ ಗೊತ್ತೈತೇನು?" ಎಂದರು.

"ಅವರೇ ಕಂಡುಹಿಡಿದಿದ್ದು."

ಒಳಗೆ ಕಲಾವತಿ ಉಪ್ಪಿನ ಡಬ್ಬಿಯನ್ನು ಮೇಲಿನ ಹಲಗೆಗೆ ಸರಿಸಿದಳು. ವನಜಾಕ್ಷಿ ಚಹದ ಮುಂದೆ ನಿಂತು, ಎರಡೂ ಕಿವಿಯನ್ನು ಹೊರಗೇ ಇಟ್ಟಿದ್ದಳು.

"ನಮ್ಮಮ್ಮಂಗೆ ಈಗಾಗ್ಲೇ ಬರೆದಿದೀನಿ," ಎನ್ನುತ್ತಿದ್ದ ಉತ್ತಪ್ಪ. "ಅವರು ಬರೋಕೆ ಸ್ವಲ್ಪ..."

ಮಾತು ನಿಂತಿತು.

ಹೊರಗೆ ರಸ್ತೆ ಖಾಲಿ. ಫ್ಯಾನು ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು.

"ಯಾಕ ನಿಲ್ಲಿಸಿದ್ರಿ?" ಎಂದು ಅಡುಗೆಮನೆಯಿಂದ ದನಿ ಬಂತು. ಉಮಾಕಾಂತ ಬೆಚ್ಚಿ ಬಾಗಿಲ ಕಡೆ ನೋಡಿದರು.

"ನೀರು ಕುಡೀತಿದ್ದೆ," ಎಂದ ಉತ್ತಪ್ಪ, ಲೋಟ ಕೆಳಗಿಡುತ್ತ.

"ಕುಡೀರಿ. ಕುಡದು ಮುಂದಿಂದು ಹೇಳ್ರಿ."